ಆ ಗಾದೆಯನ್ನು ಇನ್ನು ನನ್ನೆದುರು ಹೇಳಬೇಡಿ

ನಿನ್ನೆ ಮೂಡಿಗೆರೆ ಕಡೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟಕ್ಕೆ ಪಕ್ಕದಲ್ಲಿ ಕುಳಿತಿದ್ದ ಅತ್ತಿಗೆ, "ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮುಗಿಯಿತು ಕಣೇ, ಬೆಳಗಿನವರೆಗೂ ತೊಲೆ ಎಣಿಸುತ್ತಾ ಬಿದ್ದಿರುತ್ತೇನೆ" ಎಂದರು. ಎದುರು ಸಾಲಿನ ಹಿರಿಯರೊಬ್ಬರಿಗೆ ಅದು ಕೇಳಿಸಿತು. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಯೋಚನೆ ಬಿಡಮ್ಮ, ತಾನಾಗಿ ಬರುತ್ತದೆ" ಎಂದುಬಿಟ್ಟರು. ಸುತ್ತಲಿನವರು ನಕ್ಕರು. ಅತ್ತಿಗೆಯೂ ನಕ್ಕರು, ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಹಾಸನಕ್ಕೆ ಮರಳುವ ಬಸ್ಸು ಬೇಲೂರು ದಾಟಿದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಈಗಲೂ ಇಳಿದಿಲ್ಲ.

ಆ ಗಾದೆ ಸಲಹೆಯಂತೆ ಕೇಳಿಸಿದರೂ ಕೊಡುವುದು ತೀರ್ಪು. ನಿನಗೆ ನಿದ್ದೆ ಬಾರದಿರುವುದು ನಿನ್ನ ಮನಸ್ಸಿನ ದೌರ್ಬಲ್ಯ, ಅದನ್ನು ನೀನೇ ಸರಿಮಾಡಿಕೋ ಎಂಬ ತೀರ್ಪು. ಜ್ವರ ಬಂದವರಿಗೆ ನಾವು ಹೀಗೆ ಹೇಳುವುದಿಲ್ಲ.

ಇಷ್ಟು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು, ನಿಮಗೆಲ್ಲ ಗೊತ್ತು. ಹಾಗಾಗಿ ಮಿದುಳಿನಿಂದಲೇ ಶುರು ಮಾಡುತ್ತೇನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿನಲ್ಲಿ ಒಂದು ವಿಚಿತ್ರ ಮಿದುಳಿನ ಉರಿಯೂತ ಹಬ್ಬಿತು. ಬಹಳ ರೋಗಿಗಳು ದಿನಗಟ್ಟಲೆ ನಿದ್ರಿಸಿದರು, ಕೆಲವರಿಗೆ ಮಾತ್ರ ನಿದ್ದೆಯೇ ಹೋಯಿತು. ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಸತ್ತವರ ಮಿದುಳುಗಳನ್ನು ಪರೀಕ್ಷಿಸಿದಾಗ, ನಿದ್ದೆ ಕಳೆದುಕೊಂಡವರಲ್ಲಿ ಮಿದುಳಿನ ತಳದ ಹೈಪೊಥಾಲಮಸ್ ಎಂಬ ಪುಟ್ಟ ಭಾಗದ ಮುಂಬದಿಗೆ ಪೆಟ್ಟಾಗಿತ್ತು. ಅತಿಯಾಗಿ ನಿದ್ರಿಸಿದವರಲ್ಲಿ ಹಾನಿ ಅದರ ಹಿಂಭಾಗದಲ್ಲಿತ್ತು. ನಿದ್ದೆ ತರಿಸುವ ಜಾಗವೊಂದು, ಎಚ್ಚರವಾಗಿಡುವ ಜಾಗವೊಂದು ಮಿದುಳಿನಲ್ಲಿ ಇದೆ ಎಂದು ಆತ ಊಹಿಸಿದ. ಆ ಊಹೆ ನಿಜವಾಯಿತು. ನಿದ್ದೆ ತರಿಸುವ ನರಕೋಶಗಳು ಎಚ್ಚರದ ಕೇಂದ್ರಗಳನ್ನು ತಡೆಯುತ್ತವೆ, ಎಚ್ಚರದ ಕೇಂದ್ರಗಳು ಅವುಗಳನ್ನು ತಡೆಯುತ್ತವೆ. 1998ರಲ್ಲಿ ಪತ್ತೆಯಾದ ಓರೆಕ್ಸಿನ್ ಎಂಬ ರಾಸಾಯನಿಕ ಎಚ್ಚರದ ಕಡೆಗೆ ಬಲ ಕೊಡುತ್ತದೆ. ಇದರಲ್ಲಿ ಯಾರ ಮನೋಬಲದ ಪ್ರಶ್ನೆ ಬಂತು?

ದೀರ್ಘಕಾಲದ ನಿದ್ರಾಹೀನತೆ ಇರುವವರಲ್ಲಿ ಎಚ್ಚರದ ಈ ವ್ಯವಸ್ಥೆ ತಗ್ಗಬೇಕಾದಷ್ಟು ತಗ್ಗುವುದಿಲ್ಲ. 2004ರಲ್ಲಿ ಅಮೆರಿಕದ ಎರಿಕ್ ನಾಫ್‌ಜಿಂಗರ್ ಮತ್ತು ಸಂಗಡಿಗರು ಅಂಥವರ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ನಿದ್ದೆ ಹತ್ತಿದ ಮೇಲೂ ಎಚ್ಚರದ ಭಾಗಗಳ ಚಟುವಟಿಕೆ ಉಳಿದವರಲ್ಲಿ ಇಳಿಯುವಷ್ಟು ಇಳಿದಿರಲಿಲ್ಲ. "ನಿದ್ದೆ ಮಾಡಿದೆ, ಆದರೆ ಮಾಡಿದ ಹಾಗೆ ಇಲ್ಲ" ಎಂದು ಅಂಥವರು ಹೇಳಿದಾಗ ನಂಬಿ. ಅವರು ನಾಟಕ ಮಾಡುತ್ತಿಲ್ಲ.

ಚಿಂತೆಯಿಂದ ನಿದ್ದೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿದ್ದೆ ಕೆಟ್ಟು ಮನಸ್ಸು ಕೆಡುತ್ತದೆ ಎಂಬುದನ್ನು ಆ ಗಾದೆ ನುಂಗಿಹಾಕುತ್ತದೆ. ಖಿನ್ನತೆ ಇಲ್ಲದ, ನಿದ್ದೆ ಮಾತ್ರ ಬಾರದ ಜನರನ್ನು ವರ್ಷಗಟ್ಟಲೆ ಗಮನಿಸಿದ ಹಲವು ಅಧ್ಯಯನಗಳನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದರು. ಚೆನ್ನಾಗಿ ನಿದ್ರಿಸುವವರಿಗೆ ಹೋಲಿಸಿದರೆ ಇವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. 2007ರ ಒಂದು ಪ್ರಯೋಗದಲ್ಲಿ, ಆರೋಗ್ಯವಂತ ಯುವಜನರನ್ನು ಒಂದು ರಾತ್ರಿ ಮಲಗಲು ಬಿಡದೆ ಕಳವಳ ಹುಟ್ಟಿಸುವ ಚಿತ್ರಗಳನ್ನು ತೋರಿಸಿದಾಗ, ಭಯ ಮತ್ತು ಸಿಟ್ಟಿನ ಕೇಂದ್ರವಾದ ಅಮಿಗ್ಡಾಲ ನಿದ್ರಿಸಿದವರಿಗಿಂತ ಸುಮಾರು 60 ಶೇಕಡಾ ಹೆಚ್ಚು ಕೆರಳಿತು. ಅದನ್ನು ಹತೋಟಿಯಲ್ಲಿಡುವ ಹಣೆಯ ಹಿಂದಿನ ಭಾಗದ ಜೊತೆ ಅದರ ಸಂಪರ್ಕ ಸಡಿಲಗೊಂಡಿತ್ತು. ಇದು ಒಂದೇ ರಾತ್ರಿಯ ಕಥೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ನಿದ್ರಾಹೀನತೆಯನ್ನು ಇನ್ನೊಂದು ಕಾಯಿಲೆಯ ಬಾಲವೆಂದು ನೋಡುವುದನ್ನು ಬಿಟ್ಟು ಸ್ವತಂತ್ರ ಕಾಯಿಲೆಯಾಗಿ ಪರಿಗಣಿಸಿತು. ನಮ್ಮ ಪಂಕ್ತಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇಲ್ಲಿಯವರೆಗೆ ಯಾರಿಗೂ ಹೇಳದ ಮಾತೊಂದನ್ನು ಹೇಳುತ್ತೇನೆ. ಇವರು ತೀರಿಕೊಂಡ ವರ್ಷ ನನಗೂ ನಿದ್ದೆ ಹೋಗಿತ್ತು. ದುಃಖ ನಿಧಾನವಾಗಿ ಹದಕ್ಕೆ ಬಂತು, ನಿದ್ದೆ ಬರಲಿಲ್ಲ. ತರಗತಿಯಲ್ಲಿ ಮಕ್ಕಳು ಬೆಂಚು ಎಳೆದ ಸದ್ದಿಗೆ ಬೆಚ್ಚಿಬೀಳುತ್ತಿದ್ದೆ, ಮೆಟ್ಟಿಲ ಕೆಳಗೆ ನಿಂತು ಅಳುತ್ತಿದ್ದೆ. ನನಗೂ ಇದೇ ಗಾದೆಯನ್ನು ಹೇಳಿದರು. ಗಂಡ ಸತ್ತವಳಿಗೆ ಚಿಂತೆ ಬಿಡು ಎಂದರು!

"ನಮ್ಮ ಕಡೆಯ ಚಿಂತೆಗಳು ನಿಜವಾದವು. ಬ್ಯಾಂಕಿನ ಸಾಲವಿದೆ, ಹೂಮಳೆ ಕೈಕೊಡುತ್ತದೆ, ತೋಟಕ್ಕೆ ಆನೆ ನುಗ್ಗುತ್ತದೆ. ಮನೋವೈದ್ಯರು ಬಂದು ಆನೆ ಓಡಿಸುತ್ತಾರೆಯೇ?" ಎಂದು ಕೇಳುವವರಿದ್ದಾರೆ. ಓಡಿಸುವುದಿಲ್ಲ. ಆದರೆ ಅತ್ತಿಗೆಯ ತೋಟದಿಂದ ಆನೆಗಳು ಹೋಗಿ ತಿಂಗಳುಗಳಾದವು, ಎಚ್ಚರ ಉಳಿದುಕೊಂಡಿದೆ. ನಿದ್ದೆಯನ್ನು ಕೆಡಿಸುವ ಕಾರಣ ಬೇರೆ, ಕೆಟ್ಟ ನಿದ್ದೆಯನ್ನು ಹಾಗೆಯೇ ಉಳಿಸುವ ಕಾರಣ ಬೇರೆ ಎಂದು 1980ರ ದಶಕದಲ್ಲೇ ಆರ್ಥರ್ ಸ್ಪೀಲ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಹೇಳಿದ್ದರು. ನಿದ್ದೆ ಸಾಲದೆಂದು ಎಂಟಕ್ಕೇ ಮಲಗುವುದು, ಹಗಲು ಅಡ್ಡಾಗುವುದು, ಗಡಿಯಾರ ನೋಡುತ್ತಾ ಹೊರಳಾಡುವುದು ನಡೆಯುತ್ತಾ ಹೋದಂತೆ ಹಾಸಿಗೆ ಕಂಡರೇ ಮಿದುಳು ಎಚ್ಚರಗೊಳ್ಳುವುದನ್ನು ಕಲಿಯುತ್ತದೆ. ಆನೆ ಹೋದರೂ ಆ ಕಲಿಕೆ ಹೋಗುವುದಿಲ್ಲ. ಅದಕ್ಕೇ ಚಿಕಿತ್ಸೆ ಬೇಕು.

ಚಿಕಿತ್ಸೆ ಎಂದರೆ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಗುಳಿಗೆಯಲ್ಲ. ಆಲ್‌ಪ್ರಜೋಲಮ್‌ನಂಥ ಮಾತ್ರೆ ಕೆಲವೇ ವಾರಗಳಲ್ಲಿ ಅಭ್ಯಾಸವಾಗಬಹುದು, ಥಟ್ಟನೆ ಬಿಟ್ಟರೆ ಅಪಾಯ. ಸಂಜೆಯ ಕಾಫಿ ಬಿಡಿ ಎನ್ನುವುದು ಸರಿಯೇ. ದಿನವಿಡೀ ಕೂಡಿಬಂದು ನಿದ್ದೆಯ ಒತ್ತಡ ಹುಟ್ಟಿಸುವ ಅಡೆನೋಸಿನ್‌ನ ಕೆಲಸವನ್ನು ಕೆಫೀನ್ ತಡೆಯುತ್ತದೆ, ಅದರ ಅರ್ಧ ಪಾಲು ಸುಮಾರು ಐದು ಗಂಟೆಯಾದರೂ ಮೈಯಲ್ಲಿರುತ್ತದೆ. ಆದರೆ ಕಾಯಿಲೆ ಬೇರೂರಿದವರಿಗೆ ಅಷ್ಟೇ ಸಾಲದು. ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿ ಮೊದಲ ಚಿಕಿತ್ಸೆಯಾಗಿ ಸೂಚಿಸಿದ್ದು ಮಾತ್ರೆಯನ್ನಲ್ಲ, ಅರಿವು ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆಯನ್ನು. ದಿನವೂ ಒಂದೇ ಹೊತ್ತಿಗೆ ಏಳಬೇಕು. ನಿದ್ದೆ ಬಂದಾಗಲೇ ಮಲಗಬೇಕು, ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ನಿಜವಾಗಿ ನಿದ್ರಿಸುವ ಸಮಯಕ್ಕೆ ಹತ್ತಿರವಾಗುವಂತೆ ಇಳಿಸಿ, ಆಮೇಲೆ ಹಿಗ್ಗಿಸುತ್ತಾ ಹೋಗಬೇಕು. ಮೊದಲ ವಾರಗಳು ಕಷ್ಟ. ನನ್ನನ್ನು ಎತ್ತಿ ನಿಲ್ಲಿಸಿದ್ದು ಇದೇ. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ನಿದ್ದೆಯ ಸಮಯ ಇಳಿಸಬಾರದು.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಡುವುದು, ಅದು ಮೂರು ತಿಂಗಳು ನಡೆಯುವುದು, ಇದು ವೈದ್ಯರು ಬಳಸುವ ಅಳತೆ. ಅದನ್ನು ದಾಟಿದ್ದರೆ ಮಲಗಿದ, ಎದ್ದ ಸಮಯಗಳನ್ನು ಎರಡು ವಾರ ಬರೆದಿಟ್ಟು, ಆ ಚೀಟಿಯೊಂದಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ಹೋಗಲು ಸಂಕೋಚವಿದ್ದರೆ ಸರ್ಕಾರದ ಟೆಲಿ ಮಾನಸ್ ಎಂಬ ಫೋನ್ ಸಹಾಯವಾಣಿ ಇದೆ, ಸಂಖ್ಯೆ 14416, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತನಾಡಬಹುದು, ಹಗಲು ರಾತ್ರಿ ತೆರೆದಿರುತ್ತದೆ. ನಿದ್ದೆಯಿಲ್ಲದ ಹೊತ್ತಿನಲ್ಲಿ ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯಬೇಡಿ, ಬೆಳಗಾಗಲಿ ಎಂದೂ ಕಾಯಬೇಡಿ. ಆಗಲೇ ಕರೆ ಮಾಡಿ, ಪಕ್ಕದಲ್ಲಿ ಮಲಗಿರುವವರನ್ನೂ ಎಬ್ಬಿಸಿ.