ಗಡಸು ನೀರಿಗೆ ಆರ್‌ಓ ಹಾಕಿಸಿ ನಿಶ್ಚಿಂತೆಯಿಂದ ಇದ್ದೆ

ಹೋದ ವಾರ ನಮ್ಮ ಗೀಸರ್ ಬಿಚ್ಚಿಸಿದೆವು. ಕಾಯಿಲ್ ಸುತ್ತ ಬೆರಳು ದಪ್ಪ ಬಿಳಿ ಕಲ್ಲು ಕಟ್ಟಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕುಟ್ಟಿದರೆ ಹಳೇ ಗೋಡೆ ಸುಣ್ಣದ ಹಾಗೆ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಒಂದು ತುಂಡಿನ ಮೇಲೆ ವಿನೆಗರ್ ಸುರಿದೆ, ಸಣ್ಣಗೆ ಗುಳ್ಳೆ ಎದ್ದವು. ಸುಣ್ಣವೇ! ತಮಾಷೆ ಅಂದ್ರೆ, ಮೂರು ವರ್ಷದಿಂದ ಅಡುಗೆಮನೆಯಲ್ಲಿ ಆರ್‌ಓ, ಅಂದ್ರೆ ಕುಡಿಯುವ ನೀರಿನ ಲವಣ ಸೋಸುವ ಯಂತ್ರ, ಇದೆ. ಅಲ್ಲಿನ ಆರ್‌ಓ ಬಚ್ಚಲಿನ ಗೀಸರನ್ನು ಹೇಗೆ ಕಾಪಾಡುತ್ತೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಆರ್‌ಓ ಮಾರಲು ಬಂದಾತ ಎರಡು ಲೋಟದಲ್ಲಿ ಕರೆಂಟ್ ಸರಳು ಅದ್ದಿದ್ದ. ನಮ್ಮ ನಲ್ಲಿ ನೀರು ನಿಮಿಷದಲ್ಲೇ ಕೆಸರಿನ ಬಣ್ಣಕ್ಕೆ ತಿರುಗಿತು, ಅವನ ಆರ್‌ಓ ನೀರು ಹಾಗೇ ಇತ್ತು. ಮನೆಯವರೆಲ್ಲ ಹೌಹಾರಿದೆವು. ಆಮೇಲೆ ಗೊತ್ತಾಯ್ತು, ಆ ಬಣ್ಣ ಬಂದದ್ದು ಅವನ ಕಬ್ಬಿಣದ ಸರಳಿನಿಂದ. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟ್ ಹರಿದು ಕಬ್ಬಿಣ ಕರಗುತ್ತೆ. ಆರ್‌ಓ ನೀರಿನಲ್ಲಿ ಉಪ್ಪು ಕಡಿಮೆ, ಕರೆಂಟೇ ಸರಿಯಾಗಿ ಹರಿಯಲ್ಲ. ಇಷ್ಟೇ ಜಾದೂ.

ಅವನ ಟಿಡಿಎಸ್ ಮೀಟರ್ ಕೂಡ ಗಡಸುತನ ಹೇಳಲ್ಲ. ಕರಗಿರುವ ಎಲ್ಲಾ ಲವಣ ಸೇರಿಸಿ ಒಂದು ಅಂದಾಜು ಕೊಡುತ್ತೆ, ಅಷ್ಟೇ. ಗಡಸು ಅಂದ್ರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಪಾಲು. ಅದನ್ನು ಅಳೆಯೋಕೆ ಹನಿ ಹಾಕುವ ಕಿಟ್ ಸಿಗುತ್ತೆ. ಕೆಂಪು ನೀರು ನೀಲಿ ಆಗುವ ತನಕ ಹನಿ ಎಣಿಸಬೇಕು. ನಮ್ಮ ಕಿಟ್‌ನಲ್ಲಿ ಒಂದು ಹನಿಗೆ 20 ಮಿಲಿಗ್ರಾಂ ಲೆಕ್ಕ. ನೀಲಿ ಆಗಿದ್ದು 19ನೇ ಹನಿಗೆ, ಅಂದ್ರೆ ಲೀಟರಿಗೆ 380. ಸಾಮಾನ್ಯವಾಗಿ 180 ದಾಟಿದರೆ ತುಂಬಾ ಗಡಸು ಅಂತಾರೆ.

ಕುಡಿಯೋಕೆ ಇದು ವಿಷ ಅಂತೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಗಡಸುತನಕ್ಕೆ ಆರೋಗ್ಯದ ಲೆಕ್ಕದಲ್ಲಿ ಮಿತಿ ಇಟ್ಟಿಲ್ಲ. ಪೆಟ್ಟು ಬೀಳೋದು ಗೀಸರಿಗೆ, ವಾಷಿಂಗ್ ಮಷಿನ್‌ಗೆ, ಶವರಿನ ತೂತುಗಳಿಗೆ. ಅದಕ್ಕೇ ಮೊದಲು ಬೇಕಾದದ್ದು ಮನೆಗೆ ನೀರು ಬರುವ ಪೈಪಿಗೇ ಸಾಫ್ಟ್‌ನರ್ (ಗಡಸು ನೀರನ್ನು ಮೆದು ಮಾಡುವ ಯಂತ್ರ) ಅಂತ ನನಗೀಗ ಅನ್ನಿಸುತ್ತೆ. ಅದರೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಹಾಗಾಗಿ ಸಾಫ್ಟ್‌ನರ್ ಹಾಕಿದರೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಮೀಟರ್ ನೋಡಿ 'ಮೋಸ' ಅಂತ ಜಗಳಕ್ಕೆ ಹೋಗಬೇಡಿ. ಆದರೆ 380ರ ನೀರನ್ನು ಪೂರ್ತಿ ಮೆದು ಮಾಡಿದರೆ ಲೀಟರಿಗೆ ಸುಮಾರು 175 ಮಿಲಿಗ್ರಾಂ ಸೋಡಿಯಂ ಸೇರುತ್ತೆ. ಬಿಪಿ ಇರುವವರಿದ್ದರೆ ಕುಡಿಯೋಕೆ ಬೇರೆ ಲೈನ್ ಇಡಿ. ಗಿಡಕ್ಕೂ ಆ ನೀರು ಬೇಡ.

ಸಾಫ್ಟ್‌ನರ್ ಕ್ರಿಮಿ ಕೊಲ್ಲಲ್ಲ. ಯುವಿ, ಅಂದ್ರೆ ನೇರಳಾತೀತ ಬೆಳಕಿನ ಫಿಲ್ಟರ್, ಕೊಲ್ಲುತ್ತೆ, ಗಡಸನ್ನು ಮುಟ್ಟಲ್ಲ. ನೀರು ಸವಳಾಗಿದ್ದರೆ, ಇಲ್ಲಾ ಫ್ಲೋರೈಡ್, ನೈಟ್ರೇಟ್‌ನಂಥದ್ದು ಹೆಚ್ಚಿದ್ದರೆ ಕುಡಿಯೋಕೆ ಆರ್‌ಓ ಸರಿ. ಸಾಫ್ಟ್‌ನರ್ ಆದಮೇಲೆ ಇಟ್ಟರೆ ಅದರ ಮೆಂಬ್ರೇನ್‌ಗೆ (ಸೋಸುವ ಪದರಕ್ಕೆ) ಸುಣ್ಣ ಕಟ್ಟೋದೂ ಕಮ್ಮಿ, ಸೋಡಿಯಂ ಕೂಡ ಬಹುಪಾಲು ಹೋಗುತ್ತೆ. ಅಂಥ ತೊಂದರೆ ಏನೂ ಇಲ್ಲದಿದ್ದರೆ ಸುಮ್ನೆ ಆರ್‌ಓ ಹಾಕಿಸಿ ಬಕೆಟ್‌ಗಟ್ಟಲೆ ನೀರು ಚರಂಡಿಗೆ ಬಿಡೋದು ಯಾಕೆ?

ಒಂದು ಕಿರಿಕಿರಿ ಮಾತ್ರ ಯಾರೂ ಮೊದಲೇ ಹೇಳಲ್ಲ. ಸಾಫ್ಟ್‌ನರ್‌ಗೆ ಆಗಾಗ ಉಪ್ಪು ತುಂಬುತ್ತಿರಬೇಕು, ಇಲ್ಲದಿದ್ದರೆ ಮಣಿಗಳು ಸೋತು ಗಡಸು ನೀರೇ ಮತ್ತೆ ಬರುತ್ತೆ. ನಮ್ಮ ಮನೆಯಲ್ಲಿ ಆ ಮೂಟೆ ಹೊರೋದು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ.