ರ್‍ಯಾಮ್ ಹಾಕಿದ್ದೇ ತಪ್ಪಾಯ್ತಾ?

ಫ್ಯಾನ್ ಗಿರ್ರನೆ ತಿರುಗುತ್ತೆ, ಲೈಟೂ ಉರಿಯುತ್ತೆ, ಪರದೆ ಮಾತ್ರ ಕಪ್ಪು. ಹೊಸ ರ್‍ಯಾಮ್ (ಮೆಮೊರಿ) ಹಾಕಿದ ಕಂಪ್ಯೂಟರಿನ ಈ ಮೌನವ್ರತ ಸಾಕು, ತಲೆ ಕೆಡೋಕೆ. ಏನಾಗಿದೆ ಅಂತ ಬೀಪ್ ಹೊಡೆದಾದ್ರೂ ಹೇಳಲಿ ಅಂದ್ರೆ, ಆ ಪುಟ್ಟ ಸ್ಪೀಕರ್ ಈಗಿನ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಇರೋದೇ ಇಲ್ಲ!

ಬಹಳ ಸಲ ರ್‍ಯಾಮ್ ಪಟ್ಟಿ ಮದರ್‌ಬೋರ್ಡಿನ ಸ್ಲಾಟಿನಲ್ಲಿ ಪೂರ್ತಿ ಕೂತಿರಲ್ಲ, ಅಷ್ಟೇ. ಒಂದೇ ಕಡೆ ಕ್ಲಿಪ್ ಇರೋ ಸ್ಲಾಟ್ ಇದೆಯಲ್ಲ, ಅದು ಮಹಾ ಮೋಸ. ಕ್ಲಿಪ್ಪಿನ ತುದಿ ಟಕ್ ಅನ್ನುತ್ತೆ, ಇನ್ನೊಂದು ತುದಿ ಒಂದು ಮಿಲಿಮೀಟರ್ ಮೇಲೆದ್ದೇ ಇರುತ್ತೆ. ಬಂಗಾರದ ಬಣ್ಣದ ಪಿನ್ನುಗಳು ಒಂದು ಕಡೆ ಹೆಚ್ಚು ಕಾಣ್ತಿದ್ರೆ ಕಳ್ಳ ಸಿಕ್ಕಿದ ಹಾಗೆ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಎರಡೂ ತುದಿ ಒತ್ತಿ.

ಒತ್ತಿ ಅಂದ್ರೆ ಗುದ್ದೋದಲ್ಲ. ರ್‍ಯಾಮಿನ ಎರಡು ತಲೆಮಾರು ಡಿಡಿಆರ್4, ಡಿಡಿಆರ್5; ಎರಡಕ್ಕೂ 288 ಪಿನ್ನೇ, ಆದರೆ ಪಿನ್ನುಗಳ ನಡುವಿನ ಕಚ್ಚಿನ ಜಾಗ ಬೇರೆ. ಕಚ್ಚು ಹೊಂದದಿದ್ದರೆ ಅದು ಆ ಬೋರ್ಡಿನದ್ದಲ್ಲ.

ಆಗಲೂ ಏಳಲಿಲ್ವಾ? ಒಂದೇ ಪಟ್ಟಿ ಇಟ್ಟು ನೋಡಿ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ಎ2 ಅನ್ನೋ ಸ್ಲಾಟ್. ಮೊದಲನೆಯದೇ ಮೊದಲು ಅಲ್ಲವಂತೆ, ಯಾವ ಲೆಕ್ಕವೋ! ಬೋರ್ಡು ಹಳೇ ಸೆಟ್ಟಿಂಗ್ ಹಿಡಿದು ಕೂತಿದ್ದರೆ ಮತ್ತೆ ಪವರ್ ಕೇಬಲ್ ಕಿತ್ತು, ಅದರ ಮೇಲಿರೋ ನಾಣ್ಯದಂಥ ಸಿಆರ್2032 ಬ್ಯಾಟರಿ ಐದು ನಿಮಿಷ ತೆಗೆದಿಡಿ.

ಡಿಡಿಆರ್5 ಆದರೆ ಇನ್ನೊಂದು ಕಾಟ: ಮೊದಲ ಸಲ ಮೆಮೊರಿ ಟ್ರೇನಿಂಗ್ (ರ್‍ಯಾಮಿಗೆ ಹೊಂದೋ ಸೆಟ್ಟಿಂಗನ್ನ ಬೋರ್ಡೇ ಹುಡುಕಿಕೊಳ್ಳೋದು) ಅಂತ ಕೆಲವು ನಿಮಿಷ ಪರದೆ ಕಪ್ಪಾಗೇ ಇರುತ್ತೆ. ಕೈ ತಡೀದೆ ಆಫ್ ಮಾಡಿದ್ರೋ, ಮತ್ತೆ ಮೊದಲಿಂದ.