ಸುವರ್ಣಸೌಧಕ್ಕೆ ಇನ್ನೊಂದು ಅಲಗು

ಡಿಸೆಂಬರ್ ಬಂತೆಂದರೆ ಬೆಳಗಾವಿ ಲಾಡ್ಜುಗಳ ಬಾಡಿಗೆ ಏರುತ್ತದೆ, ವರ್ಷವಿಡೀ ಬಾಯಿ ತೆರೆದುಕೊಂಡಿದ್ದ ಗುಂಡಿಗಳಿಗೆ ಡಾಂಬರು ಬೀಳುತ್ತದೆ, ಮತ್ತು ಯಾರಾದರೊಬ್ಬ ಮುಖಂಡರು ಮೈಕ್ ಮುಂದೆ ನಿಂತು ಸುವರ್ಣ ವಿಧಾನಸೌಧಕ್ಕೆ ಹೊಸದೊಂದು ಉಪಯೋಗ ಜೋಡಿಸುತ್ತಾರೆ. ಒಬ್ಬರಿಗೆ ಅಲ್ಲಿ ರಾಜ್ಯಮಟ್ಟದ ಕಚೇರಿಗಳು ಬೇಕು, ಇನ್ನೊಬ್ಬರಿಗೆ ತರಬೇತಿ ಕೇಂದ್ರ, ಮತ್ತೊಬ್ಬರಿಗೆ ವಸ್ತುಸಂಗ್ರಹಾಲಯ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಈ ಕಟ್ಟಡ ವಿಧಾನಮಂಡಲದ ಚಳಿಗಾಲದ ಅಧಿವೇಶನಕ್ಕೆಂದು ವರ್ಷಕ್ಕೆ ಹತ್ತು-ಹನ್ನೆರಡು ದಿನ ಬಿಚ್ಚಿಕೊಂಡು, ಉಳಿದಷ್ಟು ದಿನ ಮಡಚಿಕೊಂಡಿರುತ್ತದೆ. ಮಡಚಿದ್ದನ್ನು ಬಿಚ್ಚಿ ಜೋಡಿಸುವ ಕಸುಬು ಬಲ್ಲವರು ಈ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ಮಾತ್ರ ಯಾವ ಸಮಿತಿಯೂ ಕೇಳಿಲ್ಲ.

ಆದ್ದರಿಂದ ಒಂದು ಸಣ್ಣ ತಿದ್ದುಪಡಿ. ಸೌಧಕ್ಕೆ ಇನ್ನೊಂದು ಉಪಯೋಗ ಸೇರಿಸಬೇಕೆನ್ನುವ ಪ್ರತಿಯೊಬ್ಬರ ಕೈಗೂ ಮೊದಲು 91 ಮಿ.ಮೀ. ಉದ್ದದ ಒಂದು ಸ್ವಿಸ್ ಮಡಚುಚಾಕು ಕೊಡಬೇಕು. ಅದನ್ನು ಪೂರ್ತಿ ಬಿಚ್ಚಿ, ಒಂದು ಪದರ ಹೆಚ್ಚಿಗೆ ಸೇರಿಸಿ, ಮತ್ತೆ ಜೋಡಿಸಿ ತರಲಿ. ಅಲಗು ತೆರೆದು ಮುಚ್ಚಿದರೆ ಮಾತಾಡಲು ಅವಕಾಶ. ಇಲ್ಲವಾದರೆ ಸಭಾಪತಿಗಳ ಅನುಮತಿ ಇಲ್ಲ.

ಚಾಕುವಿನ ಚರಿತ್ರೆಯೇ ಅರ್ಧ ಪಾಠ. ಸ್ವಿಟ್ಜರ್ಲೆಂಡಿನ ಸೇನೆ 1891ರಲ್ಲಿ ಸಿಪಾಯಿಗಳಿಗೆ ಕೊಟ್ಟ ಚಾಕುವಿನಲ್ಲಿದ್ದದ್ದು ನಾಲ್ಕೇ: ಅಲಗು, ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂಡ್ರೈವರ್. ಊಟದ ಡಬ್ಬಿ ತೆರೆಯಬೇಕು, ಬಂದೂಕು ಬಿಚ್ಚಬೇಕು, ಮುಗಿಯಿತು. 1897ರಲ್ಲಿ ಚಾಕು ತಯಾರಕ ಕಾರ್ಲ್ ಎಲ್ಸೆನರ್ ಅಧಿಕಾರಿಗಳಿಗೆಂದು ಬೇರೆಯದೇ ಮಾದರಿ ಮಾಡಿ, ಅದಕ್ಕೆ ಇನ್ನೊಂದು ಚಿಕ್ಕ ಅಲಗನ್ನೂ ಬಾಟಲಿಯ ಬೂಚು ಕೀಳುವ ತಿರುಪನ್ನೂ ಸೇರಿಸಿದ. ಸೇನೆ ಇದನ್ನು ಹಂಚಲಿಲ್ಲ. ಬೇಕೆಂದ ಅಧಿಕಾರಿ ಸ್ವಂತ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ನಾವು ಅಷ್ಟೊಂದು ಹಿಂದುಳಿದಿಲ್ಲ. ಅಧಿಕಾರಿಗಳ ಬೂಚಿನ ಖರ್ಚನ್ನು ಇಲ್ಲಿ ಸಿಪಾಯಿಗಳೇ ನೋಡಿಕೊಳ್ಳುತ್ತಾರೆ.

ಈಗ ಕೆಲಸ. ಕೆಂಪು ಹಿಡಿಕೆಯನ್ನು ಅಂಟು ಹಾಕಿ ಕೂರಿಸಿರುವುದಿಲ್ಲ, ಒಳಗಿನ ಹಿತ್ತಾಳೆ ಮೊಳೆಗಳ ತಲೆಗೆ ಅದು ಕಚ್ಚಿಕೊಂಡಿರುತ್ತದೆ. ಹಿಡಿಕೆಯಲ್ಲಿ ಸಿಕ್ಕಿಸಿರುವ ಹಲ್ಲುಕಡ್ಡಿ, ಚಿಮಟ ತೆಗೆದಿಟ್ಟು, ಕೈ ತಾಳುವಷ್ಟು ಬಿಸಿಯಾದ ನೀರಲ್ಲಿ ಐದು ನಿಮಿಷ ಬಿಟ್ಟರೆ ಪ್ಲಾಸ್ಟಿಕ್ ತುಸು ಮೆತ್ತಗಾಗುತ್ತದೆ. ಆಮೇಲೆ ಹಳೆಯ ಎಟಿಎಂ ಕಾರ್ಡಿನ ತೆಳು ಪಟ್ಟಿಯೊಂದನ್ನು ಮೊಳೆಯ ಹತ್ತಿರ ತೂರಿಸಿ, ಒಂದೊಂದೇ ಮೊಳೆಯಿಂದ ಬಿಡಿಸುತ್ತ ಎತ್ತಬೇಕು. ಒಂದೇ ತುದಿ ಹಿಡಿದು ಜಗ್ಗಿದರೆ ನಡುವೆ ಸೀಳುತ್ತದೆ. ಕುದಿಯುವ ನೀರಿಗೆ ಹಾಕಿದರೆ ಸೊಟ್ಟಗಾಗಿ ಮತ್ತೆ ಕೂರುವುದಿಲ್ಲ. ಹೆಚ್ಚಿನ ಸಮಿತಿಗಳು ಕೆಲಸ ಮುಗಿಯಿತೆಂದು ವರದಿ ಕೊಡುವುದು ಈ ಹಂತದಲ್ಲೇ: ಹೊಸ ಹಿಡಿಕೆ, ಹೊಸ ಬಣ್ಣ, ಮುಂಭಾಗಕ್ಕೆ ದೀಪಾಲಂಕಾರ.

ಹಿಡಿಕೆ ತೆಗೆದರೆ ಕಾಣುವುದು ಮೂರು ಮೊಳೆ. ತುದಿಯ ಎರಡರ ಮೇಲೆ ಅಲಗು, ಕೊಕ್ಕೆ, ಕತ್ತರಿ ತಿರುಗುತ್ತವೆ. ನಡುವಿನದು ಸ್ಪ್ರಿಂಗುಗಳನ್ನು ಹಿಡಿದಿರುತ್ತದೆ. ಇವು ಸುಮಾರು ಎರಡರಿಂದ ಎರಡೂವರೆ ಮಿ.ಮೀ. ದಪ್ಪ. ಮೂರೂ ಒಂದೇ ಅಳತೆಯವೆಂದು ನಂಬದೆ ವರ್ನಿಯರ್ ಹಿಡಿದು ನೋಡಬೇಕು. ಚಪ್ಪಟೆಯಾದ ತಲೆಯನ್ನು ಸಣ್ಣ ಅರದಿಂದ ಉಜ್ಜಿ ವಾಷರಿನ ಮಟ್ಟಕ್ಕೆ ಇಳಿಸಿ, ಮೊಳೆಗಿಂತ ತುಸು ಸಣ್ಣ ಪಂಚ್ (ಮೊಳೆ ದಬ್ಬುವ ಉಕ್ಕಿನ ಕಡ್ಡಿ) ಇಟ್ಟು, ಅಡಿಗೆ ತೂತು ಕೊರೆದ ಹಲಗೆ ಕೊಟ್ಟು, ಮೆಲ್ಲಗೆ ಬಡಿದು ಹೊರಗೆ ದಬ್ಬಬೇಕು. ಅಲಗುಗಳೆಲ್ಲ ಮುಚ್ಚಿರಲಿ, ಮೇಲೆ ಟೇಪು ಸುತ್ತಿರಲಿ, ಕಣ್ಣಿಗೆ ಕನ್ನಡಕ ಇರಲಿ. ಹತ್ತಾರು ವರ್ಷ ಬಗ್ಗಿ ಕೂತ ಸ್ಪ್ರಿಂಗು ಬಿಡುಗಡೆಯಾದಾಗ ಯಾರ ಮುಖದ ಕಡೆ ಹಾರುತ್ತದೆಂದು ಹೇಳಲಾಗದು.

ಮೊಳೆ ಹೊರಬಂದ ಕ್ಷಣವೇ ಆ ತೂತಿಗೆ ಸೈಕಲ್ ಚಕ್ರದ ಕಡ್ಡಿಯ ತುಂಡು ಹಾಕಿಡಬೇಕು. ಸಾಮಾನ್ಯ ಕಡ್ಡಿ 2 ಮಿ.ಮೀ. ದಪ್ಪವಿರುವುದರಿಂದ ಸಡಿಲವಾಗಿ ಕೂರುತ್ತದೆ, ಆದರೆ ಪದರಗಳ ಕ್ರಮ ಕೆಡಲು ಬಿಡುವುದಿಲ್ಲ. ಸರಕಾರಕ್ಕೂ ಈ ವಿದ್ಯೆ ಗೊತ್ತು, ಅಲ್ಲಿ ಅದಕ್ಕೆ ಪ್ರಭಾರ ಅಧಿಕಾರಿ ಎನ್ನುತ್ತಾರೆ. ವ್ಯತ್ಯಾಸ ಇಷ್ಟೇ: ಚಾಕು ಜೋಡಿಸುವವರು ಸಂಜೆಯೊಳಗೆ ಕಡ್ಡಿ ತೆಗೆದು ಖಾಯಂ ಮೊಳೆ ಹೊಡೆಯುತ್ತಾರೆ.

ಬಿಚ್ಚಿದ್ದನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆದುಕೊಳ್ಳಿ. ಒಂದು ಪದರ ಎಂದರೆ ಒಂದು ಸ್ಪ್ರಿಂಗು, ಅದರ ಎರಡು ತುದಿಗೂ ಒರಗಿಕೊಂಡ ಉಪಕರಣಗಳು, ಆಚೀಚೆ ತೆಳು ಅಲ್ಯೂಮಿನಿಯಂ ತಗಡು. ಎಲ್ಸೆನರನ ಜಾಣತನ ಇದ್ದದ್ದು ಬೂಚಿನ ತಿರುಪಿನಲ್ಲಲ್ಲ, ಒಂದೇ ಸ್ಪ್ರಿಂಗಿನಿಂದ ಹಿಡಿಕೆಯ ಎರಡೂ ಬದಿಯ ಉಪಕರಣಗಳಿಗೆ ಕೆಲಸ ಮಾಡಿಸಿದ್ದರಲ್ಲಿ. ಇಲ್ಲಿ ಪದ್ಧತಿ ತಿರುವುಮುರುವು: ಒಂದು ಕಡತಕ್ಕೆ ಎರಡು ಇಲಾಖೆ.

ಸೇರಿಸಬೇಕಾದ ಹೊಸ ಪದರ ಎಲ್ಲಿಂದ ಬರುತ್ತದೆ? ಇನ್ನೊಂದು ಚಾಕುವನ್ನು ಬಲಿಕೊಟ್ಟರೆ ಮಾತ್ರ. ಅದೂ ಅದೇ ಉದ್ದದ್ದೇ ಆಗಬೇಕು, 84 ಮಿ.ಮೀ. ಚಾಕುವಿನ ಗರಗಸ 91ರೊಳಗೆ ಕೂರದು. ಬೆಳಗಾವಿಯವರು ರಾಜ್ಯಮಟ್ಟದ ಕಚೇರಿ ಕೊಡ್ರಿ ಎಂದು ಕೇಳಿದಾಗ, ಊರೊಳಗಿದ್ದ ಜಿಲ್ಲಾಮಟ್ಟದ ಕಚೇರಿಗಳಲ್ಲಿ ಕೆಲವನ್ನು ಕಿತ್ತು ಸೌಧದೊಳಗೆ ಇಟ್ಟರಲ್ಲ, ಆಗ ಬಲಿಯಾದದ್ದು ಯಾವ ಚಾಕು ಎಂದು ಬೇರೆ ಹೇಳಬೇಕಿಲ್ಲ. ಜೋಡಣೆಯ ಲೆಕ್ಕ ಸರಿಹೋಯಿತು. ಒಂದು ದಾಖಲೆಯ ಸಹಿಗೆ ಬಸ್ಸು ಹತ್ತಿ ಹೆದ್ದಾರಿಯ ತನಕ ಹೋಗುವ ಕೆಲಸ ಮಾತ್ರ ಬಳಕೆದಾರನ ಪಾಲಿಗೆ ಉಳಿಯಿತು.

ಪದರ ಒಂದು ಹೆಚ್ಚಾದರೆ ದಪ್ಪ ಎರಡೂವರೆ-ಮೂರು ಮಿ.ಮೀ. ಏರುತ್ತದೆ. ಹಳೆಯ ಮೊಳೆ ಆಗ ಮೋಟಾಗುತ್ತದೆ. ಇಷ್ಟು ಸರಳ ಸಂಗತಿ ಬಜೆಟ್ ಭಾಷಣ ಬರೆಯುವವರಿಗೆ ಯಾಕೆ ಹೊಳೆಯುವುದಿಲ್ಲವೋ! ಮೇಲೆ ಹೇರುತ್ತಲೇ ಹೋಗುತ್ತಾರೆ, ಹಿಡಿದಿಡುವ ಮೊಳೆ ಹಳೆಯದೇ. ಹೊಸ ಮೊಳೆಗೆ ಹಿತ್ತಾಳೆ ಸರಿಗೆಯೇ ಬೇಕು, ಕಬ್ಬಿಣದ ಮೊಳೆ ತುಕ್ಕು ಹಿಡಿದು ಒಳಗೇ ಕಚ್ಚಿಕೊಳ್ಳುತ್ತದೆ. ಎಲ್ಲ ಪದರ, ಎರಡೂ ಬದಿಯ ವಾಷರು ಕೂಡಿಸಿ ಅಳೆದು, ಪ್ರತಿ ಬದಿಗೆ ಸುಮಾರು ಒಂದು ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಬೇಕು. ಕಡಿಮೆಯಾದರೆ ತಲೆ ಮೂಡುವುದಿಲ್ಲ. ಹೆಚ್ಚಾದರೆ ಬಡಿದಾಗ ಒಳಗೇ ಬಾಗಿ ಅಲಗಿನ ತೂತನ್ನು ಕಚ್ಚುತ್ತದೆ. ಅಳತೆಯ ವಾಷರು ಸಿಗದಿದ್ದರೆ ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗ ಕಡೆಯುವ ಯಾವ ಟರ್ನರ್ ಆದರೂ ಚಹಾ ಕುಡಿಯುವಷ್ಟರಲ್ಲಿ ಮಾಡಿಕೊಟ್ಟಾರು.

ಅಳತೆ ನಮ್ಮವರಿಗೆ ಬರುವುದಿಲ್ಲ ಅನ್ನುವಂತಿಲ್ಲ. ಆಲಮಟ್ಟಿ ಅಣೆಕಟ್ಟೆಯ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕೆಂಬುದು ಬಾಗಲಕೋಟೆಯ ಶಾಲೆ ಹುಡುಗರಿಗೂ ಬಾಯಿಪಾಠ. ಎರಡನೆಯ ಕೃಷ್ಣಾ ನ್ಯಾಯಾಧಿಕರಣ ಅದಕ್ಕೆ ಒಪ್ಪಿ ತೀರ್ಪು ಕೊಟ್ಟದ್ದು 2010ರಲ್ಲಿ. ದಶಾಂಶದ ಮುಂದೆ ಮೂರು ಅಂಕಿ, ಅಂದರೆ ಮಿಲಿಮೀಟರ್ ತನಕ ಲೆಕ್ಕ ಪಕ್ಕಾ. ಮೊಳೆ ಕತ್ತರಿಸಿ ಇಟ್ಟಾಗಿದೆ, ಸುತ್ತಿಗೆ ಎತ್ತುವುದು ಯಾರೆಂದು ಪ್ರತಿ ಡಿಸೆಂಬರಿನಲ್ಲಿ ಚರ್ಚೆ.

ಆ ಸುತ್ತಿಗೆಯ ಕೆಲಸವೇ ಕಸುಬಿನ ಜೀವ. ನೂರು ಗ್ರಾಂ ಸುಮಾರಿನ, ಒಂದು ಕಡೆ ಗುಂಡು ಮೂತಿಯ ಸುತ್ತಿಗೆ ಸಾಕು. ಅಡಿಗೆ ಗಟ್ಟಿ ಕಬ್ಬಿಣದ ತುಂಡು ಇರಬೇಕು. ಮೇಜಿನ ಮೇಲಿಟ್ಟು ಬಡಿದರೆ ಏಟನ್ನೆಲ್ಲ ಮೇಜೇ ನುಂಗುತ್ತದೆ. ಸ್ಪ್ರಿಂಗುಗಳ ಬಿಗಿತದಿಂದಾಗಿ ಕೊನೆಯ ಮೊಳೆ ತೂತಿಗೆ ನೇರ ಕೂರುವುದಿಲ್ಲ. ವೈಸಿನಲ್ಲಿ ಬಟ್ಟೆ ಸುತ್ತಿ ಹಿಡಿದು, ಸ್ಪ್ರಿಂಗನ್ನು ಒಳಕ್ಕೆ ಒತ್ತಿ, ತೂತುಗಳು ಒಂದೇ ಸಾಲಿಗೆ ಬಂದಾಗ ತುದಿ ಚೂಪು ಮಾಡಿದ ಕಡ್ಡಿ ತೂರಿಸಿ, ಅದರ ಬೆನ್ನಿಗೇ ಮೊಳೆ ದಬ್ಬಬೇಕು. ಆಮೇಲೆ ಹಗುರ ಏಟುಗಳು. ಈ ಬದಿ ನಾಲ್ಕು, ತಿರುವಿ ಆ ಬದಿ ನಾಲ್ಕು, ಮೂರೂ ಮೊಳೆಗೆ ಸರದಿಯ ಮೇಲೆ. ಒಂದನ್ನೇ ಪೂರ್ತಿ ಬಡಿದು ಮುಂದಿನದಕ್ಕೆ ಹೋದರೆ ಚಾಕು ಓರೆಯಾಗಿ, ಮುಚ್ಚುವಾಗ ಅಲಗು ಪಕ್ಕದ ತಗಡನ್ನು ಕೆರೆಯುತ್ತದೆ. ಪ್ರತಿ ಸುತ್ತಿಗೊಮ್ಮೆ ಎಲ್ಲವನ್ನೂ ತೆರೆದು ಮುಚ್ಚಿ ನೋಡಿ: ಅಲ್ಲಾಡಿದರೆ ಇನ್ನೂ ಏಟು ಬೇಕು, ಉಗುರು ಮುರಿಯುವಷ್ಟು ಬಿಗಿಯಾದರೆ ಏಟು ಮಿತಿ ಮೀರಿದೆ. ಮೀರಿದ್ದನ್ನು ವಾಪಸು ಪಡೆಯಲಾಗದು, ಬಹುತೇಕ ಆ ಮೊಳೆ ತೆಗೆದು ಹೊಸದನ್ನೇ ಹಾಕಬೇಕಾಗುತ್ತದೆ. ಹಿತ್ತಾಳೆ ಬಡಿದಷ್ಟೂ ಗಡುಸಾಗಿ ಅಂಚಿನಲ್ಲಿ ಬಿರುಕು ಬಿಡುವ ಲೋಹ. ಆದ್ದರಿಂದ ಹೊಸ ಮೊಳೆಯನ್ನು ಮೊದಲೇ ಗ್ಯಾಸಿನ ಉರಿಗೆ ಹಿಡಿದು, ಮಂದ ಕೆಂಪಿಗೆ ಕಾಯಿಸಿ ಆರಿಸಿದರೆ ಮೆತ್ತಗಾಗಿ ಮಾತು ಕೇಳುತ್ತದೆ.

ಸದನದ ರೀತಿಯೇ ಬೇರೆ. ಅಲ್ಲಿ ಮೊದಲ ದಿನವೇ ದೊಡ್ಡ ಸುತ್ತಿಗೆ, ಅದೂ ಒಂದೇ ಬದಿಗೆ. ಎದುರು ಬದಿಯವರು ಬಾವಿಗಿಳಿದು ಅಷ್ಟೇ ಜೋರಾಗಿ ಇತ್ತ ಕಡೆಯಿಂದ. ಕೊನೆಯ ಎರಡು ದಿನಕ್ಕೆ ಉತ್ತರ ಕರ್ನಾಟಕದ ಚರ್ಚೆ ಎಂಬ ಅಲಗನ್ನು ತೆರೆಯಹೋದರೆ ಅದು ಜಪ್ಪಯ್ಯ ಎಂದರೂ ಅಲುಗದು. ಸೌಧದ ಹತ್ತಿರದ ಬಸ್ತವಾಡ, ಕೊಂಡಸಕೊಪ್ಪದ ಧರಣಿ ಟೆಂಟುಗಳಲ್ಲಿ ಕಬ್ಬಿನ ಬಾಕಿಗೆ, ಮಹದಾಯಿಗೆ ಕೂತವರು ಕೇಳುತ್ತಾರೆ: "ಅಲ್ರೀ ಸಾಹೇಬ್ರ, ಇದು ತೆರಿಯೂದs ಇಲ್ಲಲ್ರಿ?" ಉತ್ತರ ಸಿದ್ಧವಿರುತ್ತದೆ: "ತೆರೀತದ ತೆರೀತದ, ಒಂದು ಉಪಸಮಿತಿ ಮಾಡೂಣು."

ಬಿಗಿಯಾದ ಅಲಗಿಗೆ ಮನೆಯವರು ಕೊಡುವ ಸಲಹೆ ಎಣ್ಣೆ. ಯಾವ ಎಣ್ಣೆ ಎನ್ನುವುದು ಮುಖ್ಯ. ಕೊಬ್ಬರಿ ಎಣ್ಣೆ ಬೆಳಗಾವಿಯ ಡಿಸೆಂಬರ್ ಚಳಿಗೆ ಬೆಳಗ್ಗೆಯೇ ಹೆಪ್ಪುಗಟ್ಟಿರುತ್ತದೆ. ವಿಜಯಪುರದ ಕುಸುಬಿ ಎಣ್ಣೆ ಚಟ್ನಿಪುಡಿಗೆ ಅಮೃತ, ಅಲಗು ತಿರುಗುವ ಕೀಲಿಗೆ ವಿಷ. ಗಾಳಿಗೆ ಒಣಗಿ ವಾರ್ನಿಷಿನ ಪೊರೆ ಕಟ್ಟುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ ಸಾಕು. ಹಣ್ಣು ಹೆಚ್ಚುವ ಅಲಗಾದರೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್. ಎಣ್ಣೆ ಹಾಕಿಯೂ ತೆರೆಯದಿದ್ದರೆ ಅಲಗಿನ ಬುಡವನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಬಹುದು, ಗ್ರೈಂಡರಿಗೆ ಮಾತ್ರ ಹಿಡಿಯಬೇಡಿ. ಉಕ್ಕು ನೀಲಿಗೆ ತಿರುಗಿತೆಂದರೆ ಅದರ ಹದ ಹೋಯಿತು, ಮತ್ತೆ ಎಷ್ಟು ಮಸೆದರೂ ಆ ಜಾಗ ಟೊಮೆಟೊ ಕೂಡ ಹೆಚ್ಚದು. ಪಕ್ಕಡ ಇರುವ ಅನೇಕ ಅಮೆರಿಕನ್ ಮಾದರಿಗಳಿಗೆ ಮೊಳೆಯ ರಗಳೆಯಿಲ್ಲ, ನಕ್ಷತ್ರ ಮೂತಿಯ ಟಾರ್ಕ್ಸ್ ಸ್ಕ್ರೂ. ಆದರೆ ಎಳೆಗೆ ಲಾಕ್‌ಟೈಟ್ ಎಂಬ ಅಂಟು ಹಾಕಿರುವುದರಿಂದ ಬಿಸಿ ತಾಗಿಸದೆ ತಿರುಗಿಸಿದರೆ ಮೂತಿ ಸವೆದು ಸ್ಕ್ರೂಡ್ರೈವರಿನ ತುದಿಯೂ ಹಾಳು, ಸ್ಕ್ರೂ ಕೂಡ ಹಾಳು.

ಇಷ್ಟೆಲ್ಲ ಆದ ಮೇಲೂ ಪದರ ಏರಿಸುವ ಚಟ ಬಿಡದವರಿಗೆ ವೆಂಗರ್ ಕಂಪನಿಯ ದೈತ್ಯ ಚಾಕು ತೋರಿಸಬೇಕು. 87 ಉಪಕರಣ, 141 ಕೆಲಸ, ತೂಕ ಒಂದು ಕಿಲೋ ಮೀರಿ. ಯಾವ ಜೇಬಿಗೂ ಇಳಿಯದು, ಯಾವ ಮುಷ್ಟಿಗೂ ಸಿಗದು. ಗಾಜಿನ ಕಪಾಟಿನಲ್ಲಿಟ್ಟು ಫೋಟೊ ತೆಗೆಯಲು ಮಾತ್ರ ಬಹಳ ಚಂದ. ಸೌಧದ ಎದುರಿನ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರು ಇದನ್ನು ತಕ್ಷಣ ಅರ್ಥ ಮಾಡಿಕೊಂಡಾರು.

ಅಧಿಕಾರಿಗಳ ಚಾಕುವಿನಲ್ಲಿದ್ದ ಬೂಚಿನ ತಿರುಪಿಗೂ ಒಂದು ಗತಿ ಕಾಣಿಸಿದವರು ಬಳಕೆದಾರರೇ. ಬೂಚಿನ ಬಾಟಲಿ ಕಾಣದ ಮನೆಯಲ್ಲಿ ಗಂಟು ಬಿಡಿಸಲು ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಸುವರ್ಣಸೌಧಕ್ಕೂ ಅಂಥ ಬಳಕೆದಾರರು ಒಮ್ಮೆ ಸಿಕ್ಕಿದ್ದರು. 2022ರ ಬೇಸಿಗೆಯಲ್ಲಿ ಅಲ್ಲಿನ ದಿನಗೂಲಿ ಕಾರ್ಮಿಕೆಯೊಬ್ಬರು ಸೌಧದ ಮುಂದೆ ಶ್ಯಾವಿಗೆ, ಹಪ್ಪಳ ಒಣಹಾಕಿದ ಫೋಟೊ ಊರೆಲ್ಲ ಹರಿದಾಡಿತು. ಇಷ್ಟು ವಿಶಾಲ, ಧೂಳಿಲ್ಲದ, ದಿನವಿಡೀ ಬಿಸಿಲು ಬೀಳುವ ಕಲ್ಲುಹಾಸು ಜಿಲ್ಲೆಯಲ್ಲಿ ಇನ್ನೆಲ್ಲಿದೆ? ಅಷ್ಟು ವರ್ಷಗಳಲ್ಲಿ ಸಮಿತಿ, ಅಂದಾಜುಪಟ್ಟಿ ಇಲ್ಲದೆ ಆ ಕಟ್ಟಡಕ್ಕೆ ದೊರೆತ ಮೊದಲ ನಿಜವಾದ ಉಪಯೋಗ ಅದು. ತಕ್ಷಣ ಅವರನ್ನು ಕೆಲಸದಿಂದ ತೆಗೆದರು. ಜನ ಛೀಮಾರಿ ಹಾಕಿದ ಮೇಲೆ ಮತ್ತೆ ಸೇರಿಸಿಕೊಂಡರು. ಒಣಹಾಕುವ ಪದರವನ್ನು ಮಾತ್ರ ವಾಪಸು ಸೇರಿಸಿಲ್ಲ.

ಇನ್ನು ಈ ತಿದ್ದುಪಡಿಯನ್ನು ಜಾರಿಗೆ ತರುವುದರಲ್ಲಿ ಒಂದು ಅಡಚಣೆ ಇದೆ. ಶಸ್ತ್ರಾಸ್ತ್ರ ನಿಯಮಗಳು ಕಣ್ಣಿಡುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮೇಲೆ. ನಮ್ಮ ಚಾಕುವಿನ ಅಲಗು ಮೂರು ಇಂಚೂ ಇಲ್ಲ. ಆದರೂ ಅಧಿವೇಶನದ ಹೊತ್ತಿಗೆ ಸೌಧದ ಗೇಟಿನಲ್ಲಿ ಉಗುರು ಕತ್ತರಿಯೂ ಜಪ್ತಿ. ಹೀಗಾಗಿ ಪರೀಕ್ಷೆಯನ್ನು ಹೊರಗೆ, ಧರಣಿ ಟೆಂಟಿನ ಪಕ್ಕದಲ್ಲೇ ನಡೆಸಬೇಕಾದೀತು. ಬೇಕಾಗುವ ಸಾಮಾನು: ಸಣ್ಣ ಅರ, ಪಂಚ್, ವೈಸ್, ಸೈಕಲ್ ಕಡ್ಡಿ, ಹಿತ್ತಾಳೆ ಸರಿಗೆ, ಹೊಲಿಗೆ ಮಷೀನಿನ ಎಣ್ಣೆ, ಸುತ್ತಿಗೆ. ಖಡೇ ಬಜಾರಿನಲ್ಲಿ ಒಂದು ಗಂಟೆಯಲ್ಲಿ ಎಲ್ಲವೂ ಸಿಗುತ್ತವೆ, ಆದರೆ ನಿಯಮದ ಪ್ರಕಾರ ಟೆಂಡರ್ ಕರೆಯಬೇಕಲ್ಲ. ಕರೆದರೆ ಆರೂ ಸಾಮಾನು ಈ ಡಿಸೆಂಬರಿಗೇ ಬರುತ್ತವೆ, ಸುತ್ತಿಗೆಗೆ ಹಣಕಾಸು ಇಲಾಖೆ ಆಕ್ಷೇಪಣೆ ಎತ್ತಿ ಕಡತವನ್ನು ಬೆಂಗಳೂರಿಗೆ ತರಿಸಿಕೊಳ್ಳುತ್ತದೆ.